ಟೀವಿ ತುಂಬ ಹೊಲ

ಸಂಗನಬಸಪ್ಪನವರ ಮನೆಯ ಟೀವಿ ಇಪ್ಪತ್ತೊಂದು ಇಂಚಿನದು. ಅದರ ನಟ್ಟನಡುವೆ ಅಂಗೈಯಗಲದ ಒಂದು ಹೊಲ ಕಾಣುತ್ತಿತ್ತು. ಸುತ್ತ ನಾಲ್ಕೂ ಕಡೆ ಬರೀ ಕಪ್ಪು. ಹೊಲದಲ್ಲಿ ಒಂದು ಗುಡಿಸಲು, ಎರಡು ಹಸು, ಸಾಲು ಸಾಲು ಬದನೆ ಇದ್ದವೆಂದು ಬಲ್ಲವರಿಗಷ್ಟೇ ಗೊತ್ತಾಗಬೇಕು.

ಶಿವಬಸಮ್ಮ ಕುರ್ಚಿಯನ್ನು ಮುಂದೆ ಎಳೆದುಕೊಂಡರು. ಇನ್ನೂ ಮುಂದೆ ಎಳೆದರು. ಮೂಗು ಟೀವಿಯ ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿ, ಕಣ್ಣು ಒರೆಸಿಕೊಂಡು ಹಿಂದಕ್ಕೆ ಸರಿದರು.

"ಕಾಣಂಗಿಲ್ಲ ಬಿಡ್ರಿ. ಹಳ್ಳದ ಆಚೀಕಡಿ ನಿಂತು ನಮ್ಮ ಹೊಲ ನೋಡಿದಂಗ ಆಗ್ತೈತಿ."

"ಅಷ್ಟು ದೊಡ್ಡ ಟೀವಿಗೆ ಹಚ್ಚೇನಲ್ಲ, ವಯರ್ ತಂದು?" ಎಂದರು ಗಂಡ ಸಂಗನಬಸಪ್ಪ.

"ಟೀವಿ ದೊಡ್ಡದೈತಿ, ಹೊಲ ದೊಡ್ಡದಾಗಿಲ್ಲ."

ಟೀವಿಗೆ ವಯರಿನಿಂದ ಹಚ್ಚಿದ್ದ ಹೊಲದಾಟದ ಆ ಯಂತ್ರ ಅಳಿಯ ಕೇದಾರನದು. ಹಿಂದಿನ ದೀಪಾವಳಿಗೆ ಮಗಳು ವೈಷ್ಣವಿಯ ಜೊತೆ ದಾವಣಗೆರೆಯಿಂದ ಬೆಂಗಳೂರಿನ ರಾಮಮೂರ್ತಿ ನಗರಕ್ಕೆ ಬಂದಾಗ ತಂದಿದ್ದ. ಎರಡು ಕೈಯಲ್ಲಿ ಹಿಡಿದು ಆಡುವ, ಕನ್ನಡಕದ ಡಬ್ಬಿಗಿಂತ ತುಸು ಉದ್ದದ ಯಂತ್ರ. ಅತ್ತೆ ಹಿಂದೆ ನಿಂತು ನೋಡುತ್ತ ನೋಡುತ್ತ, "ಅಲ್ಲ್ರೀ, ಒದ್ದಿ ನೆಲಕ್ಕ ಮತ್ತ ನೀರು ಬಿಟ್ಟರ ಬೇರು ಕೊಳೀತೈತಿ" ಎಂದು ಬುದ್ಧಿ ಹೇಳಿದ್ದರು. ಆಟದಲ್ಲೂ ಹಾಗೆಯೇ ಆಯಿತು. ಕೇದಾರ ಬೆರಗಾಗಿ ಯಂತ್ರವನ್ನು ಅವರ ಕೈಗೇ ಕೊಟ್ಟ. ಹಬ್ಬ ಮುಗಿಸಿ ಹೊರಡುವ ದಿನ, "ಇರಲಿ ಬಿಡ್ರಿ ಅತ್ತಿ, ನಿಮ್ಮ ಹೊಲ ಬಿಟ್ಟು ನಾ ಹೆಂಗ ಒಯ್ಯಲಿ" ಎಂದು ನಕ್ಕು ಬಿಟ್ಟು ಹೋದ.

ಇಪ್ಪತ್ತೆರಡು ವರ್ಷದಿಂದ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಕುಂಡದಲ್ಲಿ ತುಳಸಿ ಬೆಳೆಸಿದ್ದ ಹೆಂಗಸಿಗೆ ಅಂಗೈಯಲ್ಲಿ ಭೂಮಿ ಸಿಕ್ಕಿತು. ಇಂಗ್ಲಿಷಿನ ಅಕ್ಷರ ಬೇಕಾಗಲಿಲ್ಲ. ನೀರು ಕುಡಿದ ಮಣ್ಣು ಕಪ್ಪು, ಒಣಗಿದ್ದು ತಿಳಿ ಕಂದು. ಬಣ್ಣ ನೋಡಿಯೇ ಬೇಸಾಯ ಮಾಡಿದರು. ಆದರೆ ವರ್ಷ ಹೊರಳುವುದರೊಳಗೆ ಸಕ್ಕರೆ ಕಾಯಿಲೆ ಕಣ್ಣಿನ ಹಿಂಬದಿಯ ಪರದೆಯವರೆಗೂ ಇಳಿಯಿತು. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ, ದೊಡ್ಡದು ಕಾಣುತ್ತೆ, ಸಣ್ಣದು ಕಷ್ಟ ಎಂದರು ಡಾಕ್ಟರು.

ಅಂದಿನಿಂದ ಸಂಗನಬಸಪ್ಪ ಹೆಂಡತಿಯ ಪರವಾಗಿ ಆಡುತ್ತಿದ್ದರು. ಕೆ.ಆರ್. ಪುರದ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಅವರಿಗೆ ಬಿತ್ತನೆ ಮೊದಲಿಂದಲೂ ಒಲಿಯದ ವಿದ್ಯೆ. ಆಕೆ ಹೇಳುವುದು ಒಂದು, ಇವರ ಹೆಬ್ಬೆರಳು ಒತ್ತುವುದು ಇನ್ನೊಂದು. ನೀರು ಹಾಕಿದ ಸಾಲಿಗೇ ನೀರು ಹಾಕುವರು. ಮೊಳಕೆಯ ಮೇಲೆ ನಡೆದುಬಿಡುವರು.

"ಕೂಲಿಯವರ ಕೈಯಾಗ ಹೊಲ ಕೊಟ್ಟಂಗಾತು. ಮುಚ್ಚಿ ಒಳಗಿಟ್ಟ್ ಬಿಡ್ರಿ. ನಂಗ ಸಾಕಾತು."

ಅವರು ಸಿಟ್ಟಿನಿಂದ ಹೇಳಿದ್ದರೆ ಸಂಗನಬಸಪ್ಪ ನಕ್ಕು ಸುಮ್ಮನಾಗುತ್ತಿದ್ದರು. ಮೆತ್ತಗೆ ಹೇಳಿದರು. ಅದು ಅವರಿಗೆ ಸರಿಬರಲಿಲ್ಲ.

ಕಾರ್ಖಾನೆಯಲ್ಲಿ ಜೊತೆಗಿದ್ದ ವಾಜಿದ್ ಕೇಳಿ, "ಶಿವಾಜಿನಗರದಲ್ಲಿ ಮುನೀರ್ ಅಂತ ಇದಾನೆ ಸಾರ್. ರಸೆಲ್ ಮಾರುಕಟ್ಟೆ ಹಿಂದೆ. ಗೇಮ್ ಮಷೀನ್ ಅಂದ್ರೆ ಅವನೇ" ಎಂದ.

ಮೊದಲ ಸಲ ಹೋದಾಗ ಸಂಗನಬಸಪ್ಪ ಯಂತ್ರ ಒಯ್ಯಲಿಲ್ಲ. ಸಂತೆಗೆ ಎತ್ತು ಹೊಡೆದುಕೊಂಡು ಹೋಗುವ ಮುನ್ನ ಬರಿಗೈಯಲ್ಲಿ ಹೋಗಿ ವಿಚಾರಿಸಿ ಬರುವುದು ಅವರ ಅಪ್ಪನ ಕಾಲದ ರೂಢಿ. ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಹಿಡಿದರು. ಮೆಟ್ರೋ ಕಂಬಕ್ಕಾಗಿ ಅಗೆದ ರಸ್ತೆಯಲ್ಲಿ ಬಸ್ಸು ತೆವಳುತ್ತ ಹಲಸೂರು ದಾಟಿತು. ಹೂವಿನವರ, ಕೋಳಿಯವರ ಸಾಲು ಹಾದು ಹೋದರೆ ಒಂದು ಬಾಗಿಲಿನ ಅಂಗಡಿ. ನಲವತ್ತರ ಆಸುಪಾಸಿನ ಮುನೀರ್ ಹಣೆಗೆ ದೀಪ ಕಟ್ಟಿಕೊಂಡು ಕೂತಿದ್ದ.

"ಟೀವಿ ಎಷ್ಟು ದೊಡ್ಡದಾದ್ರೂ ಚಿತ್ರ ಅಷ್ಟೇ ಬರೋದು ಸಾರ್" ಎಂದ ಎಲ್ಲ ಕೇಳಿ. "ಗೇಮಿನ ಚಿತ್ರ ಇಷ್ಟೇ ಅಂತ ಅಳತೆ ಕಟ್ಟಿ ಕಳಿಸ್ತಾರೆ. ನಾವು ಹ್ಯಾಕ್ ಮಾಡಿದ್ರೆ ಒಳಗೆ ಒಂದು ಸಣ್ಣ ಪ್ರೋಗ್ರಾಂ ಕೂರಿಸ್ಬಹುದು. ಅದು ಚಿತ್ರಾನ ಎಳೆದು ಟೀವಿ ತುಂಬಾ ಹರಡುತ್ತೆ. ಆದ್ರೆ ಹೊಸ ಚುಕ್ಕೆ ಹುಟ್ಟಲ್ಲ, ಇರೋ ಚುಕ್ಕೆನೇ ದಪ್ಪ ಆಗೋದು. ಸ್ವಲ್ಪ ಮಂಜು ಮಂಜಾಗಿರುತ್ತೆ."

"ಅಂದ್ರ, ಅದ ಹಿಟ್ಟಿನಾಗ ರೊಟ್ಟಿ ಅಗಲ ತಟ್ಟಿದಂಗ. ತೆಳ್ಳಗಾಗ್ತೈತಿ."

"ಕರೆಕ್ಟ್ ಸಾರ್! ಹೊಟ್ಟೆ ತುಂಬಲ್ಲ, ತಟ್ಟೆ ತುಂಬುತ್ತೆ."

"ನಮಗ ತಟ್ಟಿ ತುಂಬಿದ್ರ ಸಾಕು. ಆಕಿಗೆ ದೊಡ್ಡದು ಬೇಕು, ಚೂಪು ಬೇಕಾಗಿಲ್ಲ. ಹ್ಯಾಕ್ ಅಂದ್ರ ಬೀಗ ಒಡೆಯೋದೇನು?"

"ಒಡೆಯೋದಲ್ಲ, ಎಡವಿಸೋದು. ಬೇಕಂತಲೇ ಕೆಡಿಸಿಟ್ಟ ಒಂದು ಚಿತ್ರ ಇದೆ. ಅದನ್ನ ತೆರೆಯೋಕೆ ಹೋಗಿ ಮಷೀನ್ ಮುಗ್ಗರಿಸುತ್ತೆ. ಮುಗ್ಗರಿಸಿದ ಆ ಗಳಿಗೇಲಿ ನಮ್ಮ ಪ್ರೋಗ್ರಾಂ ನುಗ್ಗಿಬಿಡುತ್ತೆ. ಹೋದ ವರ್ಷದ ಮಷೀನ್ ಅಂದ್ರಲ್ಲ, ಆಗುತ್ತೆ. ಶನಿವಾರ ತಗೊಂಡ್ಬನ್ನಿ."

ಸಂಗನಬಸಪ್ಪ ಮನೆಗೆ ಬಂದು ಹೇಳಿದಾಗ ಶಿವಬಸಮ್ಮನವರ ಮುಖ ಅರಳಿತು. ಕೂಡಲೇ ಸೆರಗು ಸಿಕ್ಕಿಸಿಕೊಂಡು ಯಂತ್ರ ತೊಳೆಯುವ ಕೆಲಸಕ್ಕೆ ಕೂತರು. ತೊಳೆಯುವುದೆಂದರೆ ಒಣಬಟ್ಟೆಯಿಂದ ಒರೆಸುವುದು, ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಗುಂಡಿಗಳ ಸಂದಿ ಬಿಡಿಸುವುದು. ಆ ಮನೆತನದಲ್ಲಿ ಯಾವ ಸಾಮಾನೂ ಹೊಲಸಾಗಿ ಕೆಲಸಗಾರನ ಕೈ ಸೇರುತ್ತಿರಲಿಲ್ಲ. ಕಲಾಯಿಯವನಿಗೆ ಕೊಡುವ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಕೊಡುವರು. ಕಮ್ಮಾರನಿಗೆ ಕುಡುಗೋಲು ಒಯ್ದರೆ ಮಣ್ಣಿನ ಕಣವಿರಬಾರದು. ಚಮ್ಮಾರನಿಗೆ ಒಯ್ಯುವ ಹರಿದ ಮೆಟ್ಟನ್ನೂ ತೊಳೆದು ಒಣಗಿಸುವರು. ನಮ್ಮ ಮನೆಯ ಕೊಳೆಯನ್ನು ಇನ್ನೊಬ್ಬರ ಕೈಗೆ ಮೆತ್ತುವುದು ಅವಮಾನವೆಂದು ಅವರ ಅತ್ತೆ ಕಲಿಸಿದ್ದರು.

"ಹೊರಗಿಂದು ಆತು. ಒಳಗಿಂದೂ ಸ್ವಚ್ಛ ಮಾಡಿಸ್ರಿ. ಒಂದು ವರ್ಷದಿಂದ ಏನೇನು ಕೂಡೈತೋ."

ಒಳಗಿನದನ್ನು ಯಾರು ಮಾಡಿಯಾರು? ಬೀದಿಯ ಮೂಲೆಯಲ್ಲಿ ಝೆರಾಕ್ಸು, ಇಂಟರ್ನೆಟ್ಟು ಎರಡೂ ಇಟ್ಟುಕೊಂಡ ಮುನಿರಾಜಪ್ಪನ ಹತ್ತಿರ ಶುಕ್ರವಾರ ಸಂಜೆ ಒಯ್ದರು. ಮುನಿರಾಜಪ್ಪ ವಯರು ಚುಚ್ಚಿ ನೋಡಿ, "ಸಾಫ್ಟ್‌ವೇರ್ ಹಳೇದು ಕೂತಿದೆ ಸ್ವಾಮಿ. ಹೊಸದು ಹಾಕ್ಬಿಡ್ತೀನಿ. ಎಲ್ಲಾ ಫ್ರೆಶ್ ಆಗೋಗುತ್ತೆ" ಎಂದ. ಕಾಫಿ ಕುಡಿದು ಬರುವಷ್ಟರಲ್ಲಿ ಆಗಿಯೇ ಹೋಗಿತ್ತು. ಶಿವಬಸಮ್ಮ ನೂಲಿನಲ್ಲಿ ಹೆಣೆದ ಚೀಲದೊಳಗೆ ಯಂತ್ರ ಇಟ್ಟು ಗಂಡನ ಕೈಗೆ ಕೊಟ್ಟರು.

ಶನಿವಾರ ಮುನೀರ್ ಅದನ್ನು ಚೀಲದಿಂದ ತೆಗೆದು ತಿರುಗಿಸಿ ನೋಡಿದ. "ಮಾಷಾ ಅಲ್ಲಾ! ಶೋರೂಮಿಂದ ತಂದಂಗಿದೆಯಲ್ಲ ಸಾರ್." ಹೊತ್ತಿಸಿ ಒಳಗೆ ಏನನ್ನೋ ಹುಡುಕಿದ. ನಗು ಹಾಗೇ ನಿಂತುಹೋಯಿತು. ಹಣೆಯ ದೀಪ ಆರಿಸಿದ.

"ಅಪ್‌ಡೇಟ್ ಯಾರು ಮಾಡಿದ್ದು ಸಾರ್?"

"ನಾನ ಮಾಡಿಸೀನಿ, ನಿನ್ನಿ. ನಿಮ್ಮ ಕೈಗೆ ಹೊಲಸು ಕೊಡಬಾರದಂತ ಒಳಗ ಹೊರಗ ಸ್ವಚ್ಛ ಮಾಡಿಸಿ ತಂದೀನಿ."

ಮುನೀರ್ ಯಂತ್ರವನ್ನು ಮೆಲ್ಲಗೆ ಚೀಲದ ಮೇಲಿಟ್ಟ. "ಆ ಚಿತ್ರ ತೆರೆಯುವಾಗ ಮಷೀನ್ ಎಡವ್ತಾ ಇದ್ದ ಕಲ್ಲು ಹಳೇ ಸಾಫ್ಟ್‌ವೇರಲ್ಲಿತ್ತು. ಹೊಸದ್ರಲ್ಲಿ ಅದನ್ನ ಕಿತ್ತಾಕಿದ್ದಾರೆ. ಹಿಂದಕ್ಕೂ ಹೋಗೋಕಾಗಲ್ಲ. ನಂದೂ ತಪ್ಪಿದೆ. ಏನೂ ಮುಟ್ಬೇಡಿ ಅಂತ ಒಂದು ಮಾತು ಹೇಳ್ಬೇಕಿತ್ತು. ತೊಳೆದು ತರ್ತೀರ ಅಂತ ನಾನೇನು ಕನಸು ಕಂಡಿದ್ನಾ? ನನ್ ಹತ್ರ ಬರೋವು ಬಿರಿಯಾನಿ ಎಣ್ಣೆ ಮೆತ್ಕೊಂಡೇ ಬರ್ತವೆ."

"ಇನ್ನ ಆಗಂಗಿಲ್ಲೇನು?"

"ಪ್ರಪಂಚದಲ್ಲಿ ಎಲ್ಲೆಲ್ಲೋ ಕೂತ್ಕೊಂಡು ಹೊಸ ಸಂದಿ ಹುಡುಕ್ತಾನೇ ಇರ್ತಾರೆ. ಸಿಕ್ಕಿದ್ರೆ ಆಯ್ತು. ನಾಳೇನೂ ಆಗ್ಬಹುದು, ಎರಡು ವರ್ಷಾನೂ ಆಗ್ಬಹುದು. ಸುಳ್ಳು ಹೇಳಲ್ಲ ಸಾರ್."

ಎರಡು ವರ್ಷ. ಅಷ್ಟರಲ್ಲಿ ಆಕೆಗೆ ಕಾಣುವುದು ಎಷ್ಟು ಉಳಿದಿರುತ್ತದೋ ಎಂಬ ಲೆಕ್ಕ ಸಂಗನಬಸಪ್ಪನವರಿಗೆ ಬಸ್ಸಿನುದ್ದಕ್ಕೂ ಬಿಡಲಿಲ್ಲ.

ಮನೆಯಲ್ಲಿ ಮುಚ್ಚಿಡದೆ ಹೇಳಿದರು. ಶಿವಬಸಮ್ಮ ಕೇಳಿ, "ನಾನ ಹೇಳಿ ಮಾಡಿಸಿದ್ದು" ಎಂದಷ್ಟೇ ಅಂದು ಚೀಲವನ್ನು ಅಲಮಾರಿಯಲ್ಲಿ ಸೀರೆಗಳ ಕೆಳಗೆ ಇಟ್ಟರು. ಮರುದಿನದಿಂದ ಸಂಜೆ ಹೊತ್ತು ರೇಡಿಯೋ ಹಾಕತೊಡಗಿದರು. ಅದನ್ನೂ ಕೇಳುತ್ತಿರಲಿಲ್ಲ. ಒಮ್ಮೆ, "ಹಸುಗಳಿಗೆ ಮೇವು ಹಾಕಿ ಎಷ್ಟು ದಿನ ಆತೋ" ಎಂದು ತಮ್ಮಷ್ಟಕ್ಕೆ ಅಂದದ್ದು ಸಂಗನಬಸಪ್ಪನವರ ಕಿವಿಗೆ ಬಿತ್ತು.

ಮುಂದಿನ ಶನಿವಾರಗಳಲ್ಲಿ ಅವರು ಚೀಲ ಹೆಗಲಿಗೇರಿಸಿ ಶಿವಾಜಿನಗರಕ್ಕೆ ಹೋಗುವುದು ಬಿಡಲಿಲ್ಲ. ಮುನೀರ್ ಕಂಪ್ಯೂಟರು ತೆರೆದು ಜಾಲತಾಣಗಳನ್ನು ತಿರುವಿ ಹಾಕಿ, "ಇನ್ನೂ ಇಲ್ಲ ಸಾರ್, ಚಾಯ್ ಕುಡೀರಿ" ಎನ್ನುವನು. ಕುಡಿದು ಬರುವರು. ನಾಲೆಗೆ ನೀರು ಬಿಟ್ಟರೋ ಇಲ್ಲವೋ ಎಂದು ದಿನಾ ತೂಬಿನವರೆಗೆ ನಡೆದು ನೋಡಿ ಬರುವ ರೈತನ ಹಾಗೆ.

ಹಾಗೆ ಒಂದು ಶನಿವಾರ ಚಾಯ್ ಬಾಯಿಗಿಡುವಾಗ ಫ್ರೇಜರ್ ಟೌನಿನ ಕಾಲೇಜು ಹುಡುಗ ಆದಿಲ್ ಅಂಗಡಿಗೆ ಬಂದ. ಅವನ ಕೈಯಲ್ಲೂ ಅಂಥದೇ ಯಂತ್ರ. ಮೂಲೆ ಒಡೆದಿತ್ತು, ಗುಂಡಿಯ ಮೇಲಿನ ಗುರುತುಗಳು ಅಳಿಸಿಹೋಗಿದ್ದವು, ಹಿಂಬದಿಗೆ ಕ್ರಿಕೆಟ್ಟಿನ ಸ್ಟಿಕ್ಕರು ಕಿತ್ತ ಅಂಟು.

"ಮುನೀರ್ ಭಾಯ್, ಹೊಸ ಫುಟ್ಬಾಲ್ ಗೇಮ್ ತಗೊಂಡೆ, ನಡೀತಾನೇ ಇಲ್ಲ. ಹೊಸ ಸಾಫ್ಟ್‌ವೇರ್ ಬೇಕಂತೆ. ಹಾಕ್ಕೊಡಿ."

ಮುನೀರ್ ವಯರಿಗೆ ಕೈ ಹಾಕಿದವನು ಬೆಂಕಿ ಮುಟ್ಟಿದವನ ಹಾಗೆ ಹಿಂದಕ್ಕೆ ತೆಗೆದ. "ನಕ್ಕೋ! ನಕ್ಕೋ ರೇ! ಮುಟ್ಬೇಡ ಅದನ್ನ!"

"ಕ್ಯಾ ಹುವಾ?"

ಮುನೀರ್ ಎರಡೂ ಯಂತ್ರಗಳನ್ನು ಗಾಜಿನ ಕೌಂಟರಿನ ಮೇಲೆ ಅಕ್ಕಪಕ್ಕ ಇಟ್ಟ. "ಇವನದು ಹಳೇ ಸಾಫ್ಟ್‌ವೇರ್, ಇವನಿಗೆ ಹೊಸದು ಬೇಕು. ನಿಮ್ದು ಹೊಸದು, ನಿಮಗೆ ಹಳೇದು ಬೇಕು. ಇನ್ನೇನು ಸಾರ್? ಅದಲು ಬದಲು."

ಆದಿಲ್ ಸಂಗನಬಸಪ್ಪನವರ ಯಂತ್ರವನ್ನು ಎತ್ತಿ ಬೆಳಕಿಗೆ ಹಿಡಿದ. ಒಂದು ಗೀರಿಲ್ಲ. "ಅಂಕಲ್, ನಿಮ್ದು ಮದುಮಗಳ ಥರ ಇದೆ, ನಂದು ಗುಜರಿ. ನಿಮಗೆ ಮೋಸ ಆಗಲ್ವಾ?"

"ನನಗ ಮೈಬಣ್ಣ ಬ್ಯಾಡಪ್ಪ. ಆದ್ರ ಅದು ನನ್ನದಲ್ಲ, ನಮ್ಮ ಮನಿಯವರದು. ಕೇಳಬೇಕು." ಅಂಗಡಿಯ ಮೆಟ್ಟಿಲಿಗೆ ಬಂದು ಮೊಬೈಲು ಒತ್ತಿ, ನಡೆದದ್ದನ್ನೆಲ್ಲ ಹೇಳಿದರು.

ಆ ಕಡೆಯಿಂದ ಶಿವಬಸಮ್ಮ ಕೇಳಿದ್ದು ಒಂದೇ: "ಅಳಿಯಂದ್ರು ಕೊಟ್ಟ ಸಾಮಾನು ಮಂದಿಗೆ ಕೊಡೂದೇನ್ರೀ?"

"ಬರೀ ಡಬ್ಬಿ ಕೊಡೂದು. ಹೊಲ ಇರೂದು ಉಗುರಿನಷ್ಟ ಕಾರ್ಡಿನಾಗ. ಅದು ಮತ್ತ ಆಟದ ಡಿಸ್ಕು ನಮ್ಮ ಕಡೀನ ಉಳೀತಾವ. ಹಸುಗೋಳೂ ಅದರಾಗ ಅದಾವ."

ಕೋಳಿ ಗಾಡಿಯೊಂದು ಹಾರ್ನ್ ಬಾರಿಸಿಕೊಂಡು ಹೋಯಿತು. ಅದರ ಸದ್ದು ಇಳಿದ ಮೇಲೆ ಹೆಂಡತಿಯ ದನಿ ಕೇಳಿತು. "ಹಂಗಾರ ಆ ಚೀಲಾನೂ ಕೊಟ್ಟ್ ಬಿಡ್ರಿ ಹುಡುಗಗ. ತನ್ನದು ಅಷ್ಟ ಕೆಡಿಸಿಕೊಂಡಾನ ಅಂದ್ರ ಬರೇ ಕಿಸೆದಾಗ ಹಾಕ್ಕೊಂಡು ತಿರಗತಾನ ಅನಸ್ತೈತಿ."

ತಂತಮ್ಮ ಕಾರ್ಡು ಉಳಿಸಿಕೊಂಡು ಇಬ್ಬರೂ ಯಂತ್ರ ಅದಲು ಬದಲು ಮಾಡಿಕೊಂಡರು. ಮುನೀರ್ ಹಳೆಯ ಸಾಫ್ಟ್‌ವೇರಿನ ಯಂತ್ರಕ್ಕೆ ಆ ಚಿತ್ರವನ್ನು ಹಾಕಿ, ಹೊಲವನ್ನು ಹಿಗ್ಗಿಸುವ ಪ್ರೋಗ್ರಾಮನ್ನೂ ಜೊತೆಗಿಟ್ಟ. ಆಮೇಲೆ ಸಂಗನಬಸಪ್ಪನವರನ್ನು ಪಕ್ಕಕ್ಕೆ ಕೂರಿಸಿಕೊಂಡ.

"ಒಂದು ಮಾತು ಸಾರ್, ಈ ಸಲ ಮೊದಲೇ ಹೇಳ್ತೀನಿ. ಇದು ಪರ್ಮನೆಂಟ್ ಅಲ್ಲ. ಪೂರ್ತಿ ಆರಿಸಿದ್ರೆ ಹ್ಯಾಕ್ ಹೊರಟೋಗುತ್ತೆ. ಮತ್ತೆ ಹೊತ್ತಿಸಿದಾಗ ಮತ್ತೆ ಎಡವಿಸ್ಬೇಕು. ಒಂದೊಂದ್ಸಲ ಬೇಗ ಎಡವುತ್ತೆ, ಒಂದೊಂದ್ಸಲ ಹಟ ಮಾಡುತ್ತೆ. ನೀವೇ ಕಲೀರಿ."

ಕಲಿತರು. ಅಂಗಡಿಯ ದೀಪ ಹೊತ್ತುವವರೆಗೆ ಕೂತು, ಚಿತ್ರಗಳ ಪಟ್ಟಿ ತೆರೆಯುವುದು, ಕಾಯುವುದು, ಯಂತ್ರ ಸುಮ್ಮನೆ ಕಪ್ಪಾದರೆ ಮತ್ತೆ ಮೊದಲಿಂದ ಹೊತ್ತಿಸುವುದು, ಎಲ್ಲ ಕಲಿತರು. ಬಿತ್ತನೆಗೆ ಬಾರದ ಅವರ ಹೆಬ್ಬೆರಳಿಗೆ ಇದು ಬಂತು. ಇದಕ್ಕೆ ಬೇಕಾದದ್ದು ತಾಳ್ಮೆಯೊಂದೇ.

ಭಾನುವಾರ ಬೆಳಗಿನ ತಿಂಡಿಯಾದ ಮೇಲೆ ಟೀವಿಗೆ ವಯರು ಚುಚ್ಚಿದರು. ಶಿವಬಸಮ್ಮ ಕುರ್ಚಿಯನ್ನು ಗಾಜಿನ ಹತ್ತಿರಕ್ಕೆ ಎಳೆದುಕೊಂಡಿದ್ದರು. ಮೊದಲ ಸಲ ಆಗಲಿಲ್ಲ. ಮತ್ತೊಮ್ಮೆಯೂ ಆಗಲಿಲ್ಲ. "ಹಟಮಾರಿ ಐತಿ" ಎಂದರು ಸಂಗನಬಸಪ್ಪ, ಹಣೆ ಒರೆಸಿಕೊಳ್ಳುತ್ತ. ಕೊನೆಗೊಮ್ಮೆ ಪರದೆಯ ಮೇಲೆ ಹಸಿರು ಬೆಳಕು ಮಿಂಚಿತು. ಆಟ ಹಾಕಿದರು.

ಹೊಲ ಟೀವಿಯ ಈ ಅಂಚಿನಿಂದ ಆ ಅಂಚಿಗೆ ಹರಡಿಕೊಂಡಿತು. ಗೆರೆಗಳು ಕದಡಿದ್ದವು, ಗುಡಿಸಲಿನ ಚಾವಣಿ ಮೆಟ್ಟಿಲು ಮೆಟ್ಟಿಲಾಗಿ ಒಡೆದಿತ್ತು, ಹಸುವಿನ ಮುಖ ನಾಲ್ಕಾರು ಇಟ್ಟಿಗೆ ಜೋಡಿಸಿದ ಹಾಗಿತ್ತು. ಸಂಗನಬಸಪ್ಪ ಹೆಂಡತಿಯ ಮುಖ ನೋಡಿದರು. ಇಷ್ಟು ಓಡಾಡಿದ್ದು ಈ ಮಬ್ಬಿಗೇ?

ಶಿವಬಸಮ್ಮ ಕೂತಲ್ಲೇ ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. ಮತ್ತೂ ತಳ್ಳಿದರು. ಬೆನ್ನು ಗೋಡೆಗೆ ತಾಗಿತು.

"ಈ ಕಡಿ ಸಾಲು ಒಣಗ್ಯಾವ" ಎಂದರು. "ಆ ಕಡಿವು ಒದ್ದಿ ಅದಾವ." ತುಸು ತಡೆದು, "ಅಯ್ಯ, ಇದೇನ್ರೀ ಇದು! ಬದನಿ ಸಾಲಿನಾಗ ಮೂಲಂಗಿ ಯಾರು ಹಚ್ಚ್ಯಾರ?"

"ಕೂಲಿಯವ" ಎಂದರು ಸಂಗನಬಸಪ್ಪ.

"ಕೊಡ್ರಿ ಇಲ್ಲಿ."

ಯಂತ್ರ ಕಸಿದುಕೊಂಡರು. ವಯರು ಕುರ್ಚಿಯ ತನಕ ಬಿಗಿಯಾಗಿ ಎಳೆದು ನಿಂತಿತು. ಗುರುತು ಅಳಿಸಿದ ಗುಂಡಿಗಳ ಮೇಲೆ ಅವರ ಬೆರಳು ತಡಕಾಡದೆ ಓಡಿತು. ಮೊದಲು ಹಸುಗಳಿಗೆ ಮೇವು ಹಾಕಿದರು. ಆಮೇಲೆ ಒಣ ಸಾಲಿಗೆ ನೀರು ಬಿಡುತ್ತ ಹೊರಟರು. ತಿಳಿ ಕಂದು ಕಪ್ಪಾಗುವುದು ಗೋಡೆಯ ಹತ್ತಿರಕ್ಕೂ ಕಾಣುತ್ತಿತ್ತು.

"ಅಲ್ಲಿ ಮೂಲಿಯಾಗ ಒಂದು ಉಳೀತು" ಎಂದರು ಸಂಗನಬಸಪ್ಪ.

"ನಂಗ ಕಾಣ್ತೈತಿ. ನೀವು ಸುಮ್ನ ಕೂಡ್ರಿ."

ಅವರು ಕೂತರು. ತಿಂಗಳುಗಟ್ಟಲೆ ಆ ಯಂತ್ರ ಹಿಡಿದು ರೂಢಿಯಾದ ಕೈಗಳನ್ನು ಎಲ್ಲಿಡಬೇಕೆಂದು ತೋಚದೆ ತೊಡೆಯ ಮೇಲಿಟ್ಟುಕೊಂಡರು. ಅನಂತರ ಎದ್ದು ಹೋಗಿ ಚಹಾಕ್ಕೆ ಇಟ್ಟರು. ಒಳಗೆ ನೀರು ಕುದಿಯುವವರೆಗೂ ಹೊರಗೆ ಆಕೆ ಹಸುವಿನ ಜೊತೆ ಮಾತಾಡುವುದು, ಮೂಲಂಗಿ ಕೀಳುತ್ತ ತಮ್ಮನ್ನು ಬೈಯುವುದು ಕೇಳಿಸುತ್ತಲೇ ಇತ್ತು.

ಲೋಟ ಹಿಡಿದು ಬಂದಾಗ ಶಿವಬಸಮ್ಮ ಹೊಲದ ಕೆಲಸ ಮುಗಿಸಿ ಕೂತಿದ್ದರು. ಯಂತ್ರದ ಪಕ್ಕದ ಗುಂಡಿಯ ಮೇಲೆ ಬೆರಳಿಟ್ಟು, ಒತ್ತಲೋ ಬೇಡವೋ ಎಂದು ಗಂಡನ ಮುಖ ನೋಡಿದರು.

"ಆರಿಸಿದ್ರ ಮತ್ತ ಬರ್ತೈತಿ ಹೌದಲ್ರೀ?"

"ಆರಿಸು" ಎಂದರು ಸಂಗನಬಸಪ್ಪ, ಲೋಟವನ್ನು ಅವರ ಇನ್ನೊಂದು ಕೈಗೆ ಕೊಡುತ್ತ. "ಸಂಜೀಕ ನಾ ಮತ್ತ ಎಡವಿಸಿ ಕೊಡ್ತೀನಿ."