ಹನ್ನೊಂದು ಜಿಬಿಯ ದೊಡ್ಡಪ್ಪ

ಆ ಅಂಗಡಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೋಲಿಕೆ ಮೇಷ್ಟ್ರು ಎಂದರೆ ಸಾಕಿತ್ತು. ಕಂಪ್ಯೂಟರ್ ಬಿಡಿಭಾಗ ಮಾರುವ ಅಂಗಡಿ ಅದು. ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಕೊಳ್ಳಲು ಬಂದವರು ಹಳೆಯದೊಂದು, ಹೊಸದೊಂದು ಡಬ್ಬಿ ಮುಂದಿಟ್ಟುಕೊಂಡು ತಲೆ ಕೆರೆದುಕೊಳ್ಳತೊಡಗಿದರೆ ಯಜಮಾನ ಕೂತಲ್ಲಿಂದಲೇ ಮೇಷ್ಟ್ರಿಗೆ ಕೂಗು ಹಾಕುತ್ತಿದ್ದ. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಬಂದು ಪಾಠ ಶುರು ಮಾಡುತ್ತಿದ್ದರು.

ಡಬ್ಬಿಯ ಮೇಲಿನ ಅಂಕಿ ದೊಡ್ಡದಾದ ಮಾತ್ರಕ್ಕೆ ಕಾರ್ಡು ದೊಡ್ಡದಾಗುವುದಿಲ್ಲ ಸ್ವಾಮಿ, ಎನ್ನುವುದು ಅವರ ಮೊದಲ ಮಾತು. ಮೊದಲೆರಡು ಅಂಕಿ ಯಾವ ತಲೆಮಾರು ಎಂದು ಹೇಳುತ್ತವೆ, ಕೊನೆಯೆರಡು ಮನೆಯೊಳಗೆ ಹಿರಿಯನೋ ಕಿರಿಯನೋ ಎಂದು. ಹಿಂದಿನ ತಲೆಮಾರಿನ ದೊಡ್ಡಪ್ಪ ಈಗಿನ ತಲೆಮಾರಿನ ಮರಿಯನ್ನು ಒಂದೇ ಕೈಯಲ್ಲಿ ಎತ್ತಿ ಒಗೆದಾನು. ಜನ ನಗುತ್ತಿದ್ದರು. ಯಾರಾದರೂ ಮುಂದಿನ ತಿಂಗಳು ಇನ್ನೂ ಹೊಸದು ಬರುತ್ತಂತೆ, ಕಾಯಲೇ ಎಂದು ರಾಗ ಎಳೆದರೆ ಮಾತ್ರ ಮೇಷ್ಟ್ರಿಗೆ ರೇಗುತ್ತಿತ್ತು. ಕಾಯುತ್ತ ಕೂತವನು ಜನ್ಮದಲ್ಲಿ ಕೊಳ್ಳುವುದಿಲ್ಲ, ಕೆಲಸ ಇವತ್ತಿದ್ದರೆ ಇವತ್ತೇ ತಗೊಳ್ಳಿ ಎಂದು ಗದರಿಯೇ ಬಿಡುತ್ತಿದ್ದರು.

ದಿನವಿಡೀ ಹೀಗೆ ಬಾಯಿ ನೋಯುವಷ್ಟು ಮಾತಾಡಿದ ಮನುಷ್ಯ ಮನೆಗೆ ಹೋದರೆ ಗೋಡೆಗಳ ಜೊತೆ ಮಾತಾಡಬೇಕು. ಒಂದು ಕೋಣೆ, ಒಂದು ಅಡುಗೆಮೂಲೆ. ಒಂದೇ ತಟ್ಟೆ ತೊಳೆಯುವುದು, ಅದನ್ನೇ ಮತ್ತೆ ಇಟ್ಟುಕೊಳ್ಳುವುದು. ಹೆಂಡತಿ ಬೇರೆಯಾಗಿ ವರ್ಷಗಳಾಗಿದ್ದವು. ಮಗಳು ತಾಯಿಯ ಜೊತೆ ಊರಿನ ಇನ್ನೊಂದು ತುದಿಯಲ್ಲಿದ್ದಳು. ಜಗಳವೇನೂ ಇರಲಿಲ್ಲ, ಮಾತೂ ಇರಲಿಲ್ಲ ಅಷ್ಟೆ. ಮೊದಮೊದಲು ವಾರಕ್ಕೊಂದು ಫೋನು, ಆಮೇಲೆ ತಿಂಗಳಿಗೊಂದು. ಅದೂ ಹೇಗಿದೀಯ, ಚೆನ್ನಾಗಿದೀನಿ, ಸರಿ ಇಡಲಾ ಎನ್ನುವಲ್ಲಿಗೆ ಮುಗಿಯುತ್ತಿತ್ತು. ಇಟ್ಟ ಮೇಲೆ ಮೇಷ್ಟ್ರು ಬಹಳ ಹೊತ್ತು ಫೋನನ್ನೇ ನೋಡುತ್ತ ಕೂರುತ್ತಿದ್ದರು.

ಇಂಥದ್ದರಲ್ಲಿ ಒಂದು ಸಂಜೆ ಮಗಳೇ ಫೋನು ಮಾಡಿದಳು. ಅವಳು ಆನಿಮೇಷನ್ ಓದುತ್ತಿದ್ದಳು. ಕೊನೆಯ ವರ್ಷದ ಚಿತ್ರ ಮಾಡಬೇಕು, ಕಂಪ್ಯೂಟರ್ ನೋಡಿದರೆ ಒಂದು ದೃಶ್ಯ ಮುಗಿಸುವುದರೊಳಗೆ ಏದುಸಿರು ಬಿಡುತ್ತದೆ. ಎರಡು ಕಾರ್ಡು ನೋಡಿಟ್ಟಿದ್ದಳು. ಒಂದು ಹಳೆಯದು, ಹನ್ನೊಂದು ಜಿಬಿ ಮೆಮೊರಿಯದು. ಇನ್ನೊಂದು ಹೊಚ್ಚ ಹೊಸದು, ಎಂಟು ಜಿಬಿಯದು. ಯಾವುದು ತಗೊಳ್ಳಲಿ ಎಂದು ಕೇಳಿದಳು.

ಉತ್ತರ ಮೇಷ್ಟ್ರ ನಾಲಿಗೆಯ ತುದಿಯಲ್ಲೇ ಇತ್ತು. ಅವಳ ಭಾರದ ದೃಶ್ಯಗಳಿಗೆ ಮೆಮೊರಿಯೇ ಮುಖ್ಯ, ದೊಡ್ಡಪ್ಪನನ್ನೇ ತಗೋ. ಆದರೆ ಅಷ್ಟು ಹೇಳಿಬಿಟ್ಟರೆ ಮುಗಿಯಿತಲ್ಲ? ಸರಿ ಇಡಲಾ ಎನ್ನುತ್ತಾಳೆ. ಸ್ವಲ್ಪ ತಡಿ, ಸರಿಯಾಗಿ ನೋಡಿ ಹೇಳ್ತೀನಿ, ನಾಳೆ ಮಾಡು ಎಂದುಬಿಟ್ಟರು.

ಮಾರನೆಯ ದಿನ ಮೆಮೊರಿಯ ಪಾಠವಾಯಿತು. ಅದರ ಮಾರನೆಯ ದಿನ ಮೆಮೊರಿಗೆ ಹೋಗುವ ದಾರಿಯದು: ಹಳೆಯದರದ್ದು ರಾಜಬೀದಿ, ಹೊಸದರದ್ದು ಓಣಿ, ಆದರೆ ಓಣಿಯಲ್ಲಿ ಓಡುವವನು ಚುರುಕು. ಆಮೇಲೆ ಕೋರ್‌ಗಳ, ಅಂದರೆ ಕಾರ್ಡಿನೊಳಗೆ ದುಡಿಯುವ ಆಳುಗಳ ಲೆಕ್ಕ. ಒಂದು ತಲೆಮಾರಿನ ಕೋರನ್ನು ಇನ್ನೊಂದರ ಪಕ್ಕ ನಿಲ್ಲಿಸಿ ತಲೆ ಎಣಿಸುವುದು ಮೂರ್ಖತನ ಎಂದು ವಿವರಿಸಿದರು. ಆಮೇಲೆ ಕರೆಂಟು: ದೊಡ್ಡಪ್ಪ ಇಬ್ಬರ ಪಾಲು ತಿನ್ನುತ್ತಾನೆ, ತಿಂದು ಬೆವರುತ್ತಾನೆ. ಮಗಳು ಕಿಲಕಿಲ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು! ಅಂಗಡಿಯಲ್ಲಿ ಕೆಲಸವಿಲ್ಲದ ಹೊತ್ತಿನಲ್ಲಿ ಸಂಜೆಯ ಪಾಠಕ್ಕೆ ತಯಾರಿ ನಡೆಸುವಷ್ಟು ಹುಚ್ಚು ಹಿಡಿಯಿತು ಅವರಿಗೆ.

ಅವಳು ಒಂದು ತೀರ್ಮಾನಕ್ಕೆ ಬಂದಳು ಎನ್ನಿಸಿದ ಕೂಡಲೇ ಮೇಷ್ಟ್ರು ಒಂದು ಅನುಮಾನ ಎಸೆಯುತ್ತಿದ್ದರು. ಹೊಸದರಲ್ಲಿ ಒಂದು ಜಾಣತನವಿದೆ, ಸುಮ್ಮನೆ ತಳ್ಳಿಹಾಕಬೇಡ. ಮುಂದಿನ ತಿಂಗಳು ಇನ್ನೊಂದು ಬರುತ್ತಂತೆ, ತಡಿ. ನೋಡಿ ಮತ್ತೆ, ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ಊರಿಗೆಲ್ಲ ಕಾಯಬೇಡಿ ಎಂದು ಗದರುವ ಬಾಯಿ ಸ್ವಂತ ಮಗಳಿಗೆ ಕಾಯು ಕಾಯು ಎನ್ನುತ್ತಿತ್ತು. ಚಿತ್ರ ಒಪ್ಪಿಸುವ ಗಡುವು ಹತ್ತಿರ ಬರುತ್ತಿದೆ ಎಂಬುದು ಗೊತ್ತಿರಲಿಲ್ಲ ಎಂದೇನಲ್ಲ. ಗೊತ್ತಿದ್ದೇ ಮಾಡುತ್ತಿದ್ದರು. ಮಲಗುವಾಗ ತಮ್ಮ ಮೇಲೇ ಅಸಹ್ಯವಾಗುತ್ತಿತ್ತು, ನಾಳೆ ಹೇಳಿಬಿಡೋಣ ಎಂದುಕೊಳ್ಳುತ್ತಿದ್ದರು. ಸಂಜೆ ಅವಳ ದನಿ ಕೇಳಿದರೆ ಮತ್ತೆ ಅದೇ ರಾಗ.

ಹೀಗೇ ತಿಂಗಳ ಮೇಲಾಗಿತ್ತು. ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಯಜಮಾನ ಚಹಾ ಹೀರುತ್ತ, ಆ ಹನ್ನೊಂದು ಜಿಬಿಯದು ಹೇಗಿದೆಯಂತೆ, ನಿಮ್ಮ ಮಗಳಿಗೆ ತೊಂದರೆ ಏನೂ ಇಲ್ಲ ತಾನೆ ಎಂದು ಕೇಳಿದ. ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಯಜಮಾನ ನಾಲಿಗೆ ಕಚ್ಚಿಕೊಂಡ. ಇನ್ನು ಬಚ್ಚಿಟ್ಟು ಪ್ರಯೋಜನವಿರಲಿಲ್ಲ.

"ನೀವು ರಜದಲ್ಲಿದ್ದಾಗ ಬಂದಿದ್ಲು ಮೇಷ್ಟ್ರೇ, ಹೋದ ತಿಂಗಳೇ. ಮುಖ ನೋಡಿದ್ರೇ ಗೊತ್ತಾಯ್ತು, ನಿಮ್ದೇ ಅಚ್ಚು. ದೊಡ್ಡಪ್ಪನ್ನ ಕೊಡಿ ಅಂದ್ಲು, ಯಾವ ಕಾರ್ಡೂಂತ ನಂಗೆ ತಿಳೀಲಿಲ್ಲ. ಆಮೇಲೆ ಡಬ್ಬಿ ತೋರಿಸಿದ್ಲು. ಅಪ್ಪಂಗೆ ಹೇಳ್ಬೇಡಿ ಅಂದಿದ್ಲು."

ಹೋದ ತಿಂಗಳೇ! ಹಾಗಾದರೆ ಇಷ್ಟು ದಿನ ಅವಳು ಕೇಳಿದ್ದೇನು, ಇವರು ಹೇಳಿದ್ದೇನು? ಮೊದಲು ಮುಖಕ್ಕೆ ಹೊಡೆದಂತಾಯಿತು. ಪಾಪ ಮುದುಕ ಒದರಿಕೊಳ್ಳಲಿ ಎಂದು ಸುಮ್ಮನೆ ಹ್ಞೂಂಗುಟ್ಟುತ್ತಿದ್ದಳೇ? ಕನಿಕರವೇ? ಆಮೇಲೆ ಬಂದ ಗಿರಾಕಿಯೊಬ್ಬರಿಗೆ ಎರಡು ಕಾರ್ಡುಗಳ ವಿವರ ಅದಲುಬದಲು ಮಾಡಿ ಹೇಳಿ, ಅಂಗಡಿಯಲ್ಲಿ ಮೊದಲ ಸಲ ಕ್ಷಮೆ ಕೇಳಿದರು. ಒಂದು ಸಮಾಧಾನ ಮಾತ್ರ ಇತ್ತು. ಅವಳ ಕೆಲಸ ತಮ್ಮಿಂದ ಕೆಟ್ಟಿಲ್ಲ.

ಸಂಜೆ ಮನೆಗೆ ಬಂದು ದೀಪ ಹಾಕಿ, ಅಂಗಿ ಬದಲಿಸದೆ ಮಂಚದ ಮೇಲೆ ಕೂತರು. ಇವತ್ತು ಫೋನು ಬರುವುದೇ ಬೇಡ ಎಂದುಕೊಂಡರು. ಬಾರದಿದ್ದರೆ ಏನು ಗತಿ ಎಂದೂ ಅಂದುಕೊಂಡರು. ಬಂತು.

"ಅಪ್ಪ, ಆ ಮೆಮೊರಿ ದಾರಿ ವಿಷ್ಯ ಇನ್ನೊಂದ್ಸಲ ಹೇಳಪ್ಪ, ಮರ್ತೋಯ್ತು."

ಅವಳ ಮಾತಿನ ಹಿಂದೆ ಗುಂಯ್ ಎನ್ನುವ ಸದ್ದಿತ್ತು. ಇಷ್ಟು ದಿನ ಅದನ್ನು ಮೇಜಿನ ಫ್ಯಾನು ಎಂದೇ ತಿಳಿದಿದ್ದರು. ದೊಡ್ಡಪ್ಪ ಮೈಮುರಿದು ದುಡಿಯುವಾಗ ಬರುವ ಸದ್ದು ಈಗ ಕಿವಿಗೆ ಗೊತ್ತಾಯಿತು. ಬೈಯಬೇಕೋ ನಗಬೇಕೋ ತಿಳಿಯಲಿಲ್ಲ.

"ದೊಡ್ಡಪ್ಪನ್ನೇ ತಗೊಂಡ್ಬಿಡು ಮಗಳೇ. ಮೊದಲ್ನೇ ದಿನಾನೇ ಹೇಳ್ಬೇಕಿತ್ತು ನಾನು. ಬೇಕಂತಲೇ ಎಳೆದೆ."

ಆ ಕಡೆ ಕಾರ್ಡಿನ ಫ್ಯಾನು ತಿರುಗುತ್ತಲೇ ಇತ್ತು. ಅದರ ನಡುವೆ ಅವಳ ದನಿ ಸಣ್ಣಗೆ ಬಂತು.

"ತಗೊಂಡ್ಮೇಲೆ ನಿನ್ನ ಏನಂತ ಕೇಳ್ಲಿ ಅಪ್ಪ? ಫೋನ್ ಮಾಡೋಕೆ ನಂಗೆ ಬೇರೆ ಏನೂ ಗೊತ್ತಿಲ್ಲ."

ದಿನಕ್ಕೆ ನೂರು ಜನಕ್ಕೆ ಉತ್ತರ ಹೇಳುವ ಮೇಷ್ಟ್ರು ಈ ಒಂದು ಪ್ರಶ್ನೆಗೆ ತಡಕಾಡಿದರು. ಕೊನೆಗೆ ಹೊಳೆದದ್ದು ಬೀದಿಯಲ್ಲಿ ಎದುರಾದವರೆಲ್ಲ ಕೇಳಿ ಮುಂದೆ ಹೋಗುವ ಮಾತು.

"ಊಟ ಆಯ್ತಾ ಅಂತ ಕೇಳು."

"ಊಟ ಆಯ್ತಾ ಅಪ್ಪ?"

ಅದಕ್ಕೆ ಯಾರಾದರೂ ಕೊಡುವ ಉತ್ತರ ಒಂದೇ. ಉಂಡಿರಲಿ ಬಿಡಲಿ, ಆಯ್ತು ಎನ್ನುವುದು. ಮೇಷ್ಟ್ರೂ ವರ್ಷಗಟ್ಟಲೆ ಎಲ್ಲರಿಗೂ ಅದನ್ನೇ ಹೇಳುತ್ತ ಬಂದವರು.

"ಇಲ್ಲ ಮಗಳೇ," ಎಂದರು. "ಒಬ್ನೇ ಉಣ್ಣೋಕೆ ಮನಸ್ಸೇ ಬರಲ್ಲ."