ಸೈಲೆನ್ಸರಿಗೆ ತುಂಬಿದ ಉಣ್ಣೆ

"ಇನ್ನೂ ಬಿಗಿಯಾಗಿ ಸುತ್ತು," ಎಂದ ಟ್ರೆವರ್. "ಅದೇನು ಮಗೂಗೆ ಶಾಲು ಹೊದಿಸ್ತಿದೀಯಾ?"

ಗ್ಲೆನಿಸ್ ತಮ್ಮನ ಕಡೆ ತಲೆಯೆತ್ತಲಿಲ್ಲ. ತೂತುತೂತಿನ ಉಕ್ಕಿನ ಕೊಳವೆಯನ್ನು ಮೊಣಕಾಲುಗಳ ನಡುವೆ ಹಿಡಿದು, ಗಾಜಿನ ಉಣ್ಣೆಯ ಹಾಳೆಯನ್ನು ಅದರ ಸುತ್ತ ಎಳೆದಳು. ಬೆಂಚಿನ ಮೇಲೆ ಸೈಲೆನ್ಸರಿನ ಖಾಲಿ ಡಬ್ಬ ಬಾಯಿ ತೆರೆದು ಮಲಗಿತ್ತು. ಒಳಗಿದ್ದ ಹಳೆಯ ಉಣ್ಣೆ ಸುಟ್ಟು ಕರಕಲಾಗಿ ಒಂದು ಮುಷ್ಟಿಯಷ್ಟೂ ಉಳಿದಿರಲಿಲ್ಲ. ಅದಕ್ಕೇ ಕಾರು ಬೀದಿಯ ಕಿಟಕಿಗಳನ್ನೆಲ್ಲ ನಡುಗಿಸುತ್ತಿತ್ತು.

ಭಾನುವಾರ ಕಾರುಗಳ ಬೆಟ್ಟ ಹತ್ತುವ ಓಟ. ಓಟಕ್ಕೆ ಮೊದಲು ಪ್ರತಿ ಗಾಡಿಯ ಹಿಂದೆಯೂ ಶಬ್ದದ ಮೀಟರ್ ಹಿಡಿಯುತ್ತಾರೆ. ನೂರೈದು ಡೆಸಿಬೆಲ್ ದಾಟಿದರೆ ಓಟ ಶುರುವಾಗುವ ಗೆರೆಯ ಹತ್ತಿರವೂ ಬಿಡುವುದಿಲ್ಲ. ಈ ವರ್ಷದ ಮೊದಲ ಓಟ ಅವರ ಅಪ್ಪ ಐವರನ ನೆನಪಿಗೆಂದು ಕಾರು ಕ್ಲಬ್ಬು ತೀರ್ಮಾನಿಸಿತ್ತು. ಐವರ್ ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ಜೋಡಿಸಿದ್ದ ಕಾರನ್ನು ಮಗ ಒಬ್ಬನೇ, ಎಲ್ಲರಿಗಿಂತ ಮುಂಚೆ, ಬೆಟ್ಟ ಹತ್ತಿಸುವುದು.

"ಇನ್ನೊಂದು ಪ್ಯಾಕೆಟ್ ಯಾಕೆ ಹಾಗೇ ಬಿಟ್ಟೆ?"

"ಒಂದೇ ಸಾಕು ಅನ್ಸತ್ತೆ."

"ಅನ್ಸತ್ತಂತೆ! ಜಾಸ್ತಿ ತುಂಬಿದಷ್ಟೂ ಸದ್ದು ಕಮ್ಮಿ ಕಣೇ. ಇದಕ್ಕೇನು ದೊಡ್ಡ ಓದು ಬೇಕಾ? ಅಪ್ಪನಿಗೆ ಟೀ ತಂದುಕೊಡ್ತಾ ನೋಡಿದೀಯಲ್ಲ, ಅಷ್ಟು ಸಾಕು. ಕೈ ನಿಂದು, ತಲೆ ನಂದು."

ಅವಳು ಬಾಯಿ ತೆರೆದಳು. ಉಣ್ಣೆ ಸದ್ದನ್ನು ಹಿಡಿಯುವುದು ತನ್ನ ಎಳೆಗಳ ನಡುವಿನ ಗಾಳಿಯಿಂದ. ತುರುಕಿ ತುರುಕಿ ಗಟ್ಟಿ ಮಾಡಿದರೆ ಅದು ಗೋಡೆಯಾಗುತ್ತದೆ, ಸದ್ದು ಅದಕ್ಕೆ ಬಡಿದು ಹಾಗೇ ಆಚೆ ಬರುತ್ತದೆ. ಇದನ್ನು ಹೇಳಲು ಒಂದೇ ಮಾತು ಸಾಕಿತ್ತು. ಎರಡು ವರ್ಷಕ್ಕೊಮ್ಮೆ ಈ ಡಬ್ಬ ಬಿಚ್ಚಿ ತುಂಬುತ್ತಿದ್ದವಳು ಅವಳೇ. ಅಪ್ಪನ ಬೆರಳುಗಳು ಸಂಧಿವಾತಕ್ಕೆ ಸೊಟ್ಟಗಾದ ಮೇಲೆ ಕಾರಿನ ಅರ್ಧ ಬೋಲ್ಟುಗಳನ್ನು ಬಿಗಿದವಳೂ ಅವಳೇ.

ಆದರೆ ಏಪ್ರಿಲಿನಲ್ಲಿ, ಪ್ರಾರ್ಥನಾಮಂದಿರದಲ್ಲಿ ಅಪ್ಪನ ಶವಪೆಟ್ಟಿಗೆಯ ಪಕ್ಕ ನಿಂತು, ಇಡೀ ಕ್ಲಬ್ಬಿನ ಎದುರು ಟ್ರೆವರ್ ಹೇಳಿದ್ದ: "ನಾನೂ ಅಪ್ಪನೂ, ನಾಲ್ಕು ಚಳಿಗಾಲ, ಇಬ್ಬರೇ ಕೂತು ಆ ಕಾರು ಕಟ್ಟಿದ್ವಿ." ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಆ ನಾಲ್ಕು ಚಳಿಗಾಲದಲ್ಲಿ ಅವನು ಊರಿಗೆ ಬಂದದ್ದು ಎರಡು ಸಲ. ಮನೆಗೆ ಮರಳಿದೊಡನೆ ಬಾಗಿಲ ಹಿಂದಿನ ಮೊಳೆಯಿಂದ ಕಾರಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡಿದ್ದ. ಅಂದಿನಿಂದ ಅವಳು ಶವಪೆಟ್ಟಿಗೆಯ ಪಕ್ಕದ ಆ ವಾಕ್ಯವನ್ನು ತಲೆಯೊಳಗೆ ದಿನಕ್ಕೆ ಹತ್ತು ಸಲ ಕೇಳಿಸಿಕೊಳ್ಳುತ್ತಿದ್ದಳು.

"ನೀನು ಹೇಳಿದ ಹಾಗೇ ಆಗ್ಲಿ," ಎಂದು ಎರಡನೆಯ ಪ್ಯಾಕೆಟ್ ಹರಿದಳು.

ಇಬ್ಬರೂ ಸೇರಿ ತುರುಕಿದರು. ಕೊನೆಯ ಅಂಗುಲವನ್ನು ಟ್ರೆವರ್ ಮರದ ತುಂಡಿಟ್ಟು ಸುತ್ತಿಗೆಯಿಂದ ಹೊಡೆದು ಇಳಿಸಿದ. ಅವಳು ಮುಚ್ಚಳ ಕೂರಿಸಿ, ಹನ್ನೆರಡು ರಿವೆಟ್ ಮೊಳೆ ಹೊಡೆದಳು. ಒಂದೂ ಓರೆಯಾಗಲಿಲ್ಲ. ಕಾರು ಶುರುಮಾಡಿ ನೋಡೋಣವೇ ಎಂದು ಅವಳು ಕೇಳಲಿಲ್ಲ, ಅವನಿಗೂ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಕುರಿಗಳನ್ನು ಓಡಿಸಿ ಖಾಲಿ ಮಾಡಿದ್ದ ಹೊಲದಲ್ಲಿ ಗಾಡಿಗಳು ಸಾಲುಗಟ್ಟಿದ್ದವು. ಗೆರೆಯ ಮೇಲೆ ಐವರನ ಹೆಸರು ಬರೆದ ಬಟ್ಟೆ ಗಾಳಿಗೆ ಪಟಪಟಿಸುತ್ತಿತ್ತು. ಗ್ಲೆನಿಸ್ ಅದರ ಕಡೆ ಒಮ್ಮೆ ಮಾತ್ರ ನೋಡಿದಳು. ಮೀಟರ್ ಹಿಡಿಯುವ ಮುದುಕ ಪ್ರಿಚರ್ಡ್ ಕಾರಿನ ಹಿಂದೆ ಬಗ್ಗಿ ಕೈಯೆತ್ತಿದ. ಟ್ರೆವರ್ ಪೆಡಲ್ ಒತ್ತಿದ. ಹೊಲದಾಚೆಯ ಬೇಲಿಯಿಂದ ಕಾಗೆಗಳೆಲ್ಲ ಎದ್ದವು.

"ನೂರೆಂಟು," ಎಂದ ಪ್ರಿಚರ್ಡ್.

"ಇನ್ನೊಂದ್ಸಲ ನೋಡಿ ಸ್ವಾಮಿ!"

"ನೂರೆಂಟೂವರೆ. ಇನ್ನೊಂದ್ಸಲ ಬೇಕಾ?" ಸಾಲಿನಲ್ಲಿ ಯಾರೋ ನಕ್ಕರು. "ಯಾರಪ್ಪಾ ಇದನ್ನ ತುಂಬಿದ್ದು?"

ಟ್ರೆವರನ ಕಿವಿ ಕೆಂಪಾಯಿತು. ಅವನು ಕಾರಿನಿಂದಲೇ ಬೆರಳು ತೋರಿಸಿದ. "ನಾನಲ್ಲ, ಇವಳು! ಈ ಕಾರಿನ ಕೆಲಸವೆಲ್ಲ ಮೊದಲಿಂದ್ಲೂ ಇವಳದೇ, ಅಪ್ಪನ ಕಾಲದಿಂದ್ಲೂ. ನಾನೊಂದು ಬೋಲ್ಟೂ ಮುಟ್ಟಿದವನಲ್ಲ!"

ಹದಿನೈದಿಪ್ಪತ್ತು ತಲೆಗಳು ತಿರುಗಿದವು. ಏಪ್ರಿಲಿನಲ್ಲಿ ಪ್ರಾರ್ಥನಾಮಂದಿರದ ಬೆಂಚುಗಳಲ್ಲಿ ಕುಳಿತಿದ್ದವೇ ಆ ತಲೆಗಳು.

"ಹೌದೇನಮ್ಮಾ ಗ್ಲೆನಿಸ್?" ಎಂದು ಪ್ರಿಚರ್ಡ್ ಕೇಳಿದ.

"ಹೌದು. ಎಲ್ಲಾ ನಾನೇ ಮಾಡಿದ್ದು. ಇದೊಂದನ್ನ ಮಾತ್ರ ಅವನು ಹೇಳಿದ ಹಾಗೆ ಮಾಡಿದೆ. ಎರಡು ಪ್ಯಾಕೆಟ್."

"ಎರಡು," ಎಂದ ಪ್ರಿಚರ್ಡ್. ಅವಳನ್ನೇ ಸ್ವಲ್ಪ ಹೊತ್ತು ನೋಡಿದ. ನಂತರ ಗಡಿಯಾರ ನೋಡಿದ. "ಹತ್ತೂವರೆಗೆ ಮೀಟರ್ ಮುಚ್ತೀನಿ. ಅಷ್ಟರೊಳಗೆ ಸರಿಮಾಡ್ಕೊಂಡು ಬಂದ್ರೆ ಸರಿ. ಇಲ್ದಿದ್ರೆ ಮೊದಲ ಓಟ ಬೇರೆಯವರಿಗೆ."

ಹತ್ತಕ್ಕೆ ಐದು ನಿಮಿಷವಿತ್ತು. ಟ್ರೆವರ್ ಕಾರನ್ನು ಬೇಲಿಯ ಪಕ್ಕ ತಳ್ಳಿ ತಂದ. "ಗ್ಲೆನಿಸ್, ಬೇಗ ಬಿಚ್ಚೇ. ಅಪ್ಪನ ಹೆಸರಿನ ಓಟ ಇದು."

ಅವಳು ಚೀಲದಿಂದ ಡ್ರಿಲ್ ತೆಗೆದು ಅವನ ಕೈಗೆ ಕೊಟ್ಟಳು. "ಒಂದು ಪ್ಯಾಕೆಟ್‌ನಷ್ಟು ಆಚೆ ತೆಗಿ. ಹನ್ನೆರಡು ರಿವೆಟ್ ತಲೆ ಕೊರೆದು ಹಾಕಿದ್ರೆ ಮುಚ್ಚಳ ಬರತ್ತೆ, ಅಷ್ಟೆ."

"ನೀನು?"

ಅವಳು ಹುಲ್ಲಿನ ಮೇಲೆ ಕೂತು, ಕಾಗದ ಬಿಡಿಸಿ, ಮೊಟ್ಟೆಯ ಸ್ಯಾಂಡ್‌ವಿಚ್ಚನ್ನು ಮೂಲೆಯಿಂದ ಕಚ್ಚಿದಳು.

ಅವನು ಮಂಡಿಯೂರಿ ಮೊದಲ ರಿವೆಟ್ಟಿಗೆ ಡ್ರಿಲ್ ಒತ್ತಿದ. ಅದರ ತಲೆ ಡ್ರಿಲ್ಲಿನ ಜೊತೆಗೇ ತಿರುಗತೊಡಗಿತು. ಅವನು ಇನ್ನೂ ಬಲವಾಗಿ ಒತ್ತಿದ. ಬಿಸಿಲಿಗೆ ಮಿನುಗುತ್ತ, ತನ್ನ ತೂತಿನಲ್ಲೇ ನಿಂತು, ಒಂದು ಚೂರೂ ಸವೆಯದೆ ರಿವೆಟ್ ಗಿರ್ರೆಂದು ಸುತ್ತುತ್ತಲೇ ಇತ್ತು.