ಗಡಿಯಾರದಜ್ಜನ ಮುಖ

ಗಡಿಯಾರದಜ್ಜ ತೀರಿಕೊಂಡರೆಂಬ ಸುದ್ದಿ ರೇಡಿಯೋದಲ್ಲಿ ಬಂದಾಗ ತಂಗಿ ಬೆತ್ತದ ಕುರ್ಚಿಯೊಂದನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಹೆಣೆಯುತ್ತಿದ್ದಳು. ನೆನೆಸಿದ ಬೆತ್ತದ ಎಳೆ ಅವಳ ಬೆರಳ ಸಂದಿಯಲ್ಲಿ ಹಾಗೆಯೇ ನಿಂತಿತು. ಒಳಗೆ ಚಹಾ ಸೋಸುತ್ತಿದ್ದ ಅಣ್ಣ ಕೈ ತಡೆದು ಅವಳ ಕಡೆ ನೋಡಿದ. ಹುಟ್ಟಿದಾಗಿನಿಂದ ಕಣ್ಣು ಕಾಣದವಳು. ಏನನ್ನಾದರೂ ಕೇಳಿಸಿಕೊಳ್ಳುವಾಗ ಅವಳ ಮುಖ ತುಸು ಮೇಲಕ್ಕೆದ್ದಿರುತ್ತಿತ್ತು. ಈಗ ಮೆಲ್ಲಗೆ ಕೆಳಗಿಳಿಯಿತು.

“ದೇವರು ಒಳ್ಳೇ ಜಾಗ ಕೊಡ್ಲಿ,” ಎಂದಳು. ಬೆತ್ತದ ಎಳೆಯನ್ನು ಬದಿಗಿಟ್ಟು, “ಅಣ್ಣಾ, ನಾಟಕದ ಹಾಲ್‌ನಲ್ಲಿ ಮಲಗಿಸಿದ್ದಾರಂತೆ. ಯಾರು ಬೇಕಾದ್ರೂ ಹೋಗಬಹುದಂತೆ. ಹೋಗೋಣ,” ಎಂದಳು.

“ಇರುವೆ ಮುತ್ತಿದ ಹಾಗೆ ಜನ ಇರ್ತಾರೆ ಪುಟ್ಟಿ. ನನಗೆ ವ್ಯಾನ್ ಬೇರೆ ತೊಳೀಬೇಕು.”

“ನಿನ್ನ ಬ್ರೆಡ್ ವ್ಯಾನು ಒಂದಿನ ಸ್ನಾನ ಮಾಡದಿದ್ರೆ ಯಾರೂ ಮೂಗು ಮುಚ್ಕೊಳ್ಳಲ್ಲ. ಕರ್ಕೊಂಡು ಹೋಗು. ಒಂದೇ ಒಂದು ಸಲ ಆ ಮುಖ ಮುಟ್ಟಬೇಕು ನಾನು.”

ಅಣ್ಣ ಚಹಾದ ಪಾತ್ರೆ ಕೆಳಗಿಟ್ಟ. ಆ ಮುಖವನ್ನು ಅವಳು ಮುಟ್ಟಕೂಡದು.

ಅವರಿಬ್ಬರೂ ಚಿಕ್ಕವರಾಗಿದ್ದಾಗ ಪ್ರತಿ ಭಾನುವಾರ ಬೆಳಗ್ಗೆ ಟೀವಿಯಲ್ಲಿ ಆ ಅಜ್ಜ ಬರುತ್ತಿದ್ದರು. ಒಂದು ಹಳೆಯ ಅಂಗಡಿ, ಅದರ ತುಂಬ ಕೆಟ್ಟ ಗಡಿಯಾರಗಳು. ಅಜ್ಜ ಒಂದನ್ನು ಬಿಚ್ಚಿ ರಿಪೇರಿ ಮಾಡುತ್ತ ಮಕ್ಕಳಿಗೆ ಕತೆ ಹೇಳುತ್ತಿದ್ದರು. ಗಡಿಯಾರ ಟಿಕ್ ಎನ್ನುವುದಕ್ಕೂ ಕತೆ ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ತಂಗಿಗೆ ಆ ದನಿಯೊಂದೇ ಸಾಕಿತ್ತು. ಕಟ್ಟಿದ ಗಂಟನ್ನು ಅವಸರವಿಲ್ಲದೆ ಸಡಿಲಿಸುವಂಥ ದನಿ. ಆದರೂ ಮಗು ತಾನೇ, ಮೊದಲ ಭಾನುವಾರವೇ ಅಣ್ಣನ ತೋಳು ಜಗ್ಗಿದ್ದಳು: “ಅವರ ಮುಖ ಹೇಗಿದೆ? ಹೇಳು, ಹೇಳು.”

ಪರದೆಯ ಮೇಲಿದ್ದ ಮನುಷ್ಯನಿಗೆ ಬೋಳುತಲೆ, ತೆಳು ತುಟಿ, ನುಣ್ಣಗೆ ಬೋಳಿಸಿದ ಕೆನ್ನೆ. ಅಣ್ಣ ಹೇಳಿದ್ದು ಬೇರೆ. ಅವಳ ಬೆರಳನ್ನು ಹಿಡಿದು ತನ್ನ ಮುಖದ ಮೇಲೆಯೇ ಆಡಿಸಿದ. ಇಲ್ಲಿ ಪೊದೆಯಂಥ ಮೀಸೆ. ಗಲ್ಲದ ನಡುವೆ ಒಂದು ಗುಳಿ. ಎಡಗಡೆ ಹುಬ್ಬಿನಲ್ಲಿ, ಇಗೋ ಇಲ್ಲಿ, ಬೆರಳ ತುದಿ ಕೂರುವಷ್ಟು ಹಳ್ಳ. ಮರದ ಚಕ್ಕೆ ಹಾರಿ ಬಡಿದದ್ದು.

ಅದು ಅಪ್ಪನ ಮುಖ. ಅಪ್ಪ ಬಡಗಿ. ತಂಗಿ ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ ತೀರಿಕೊಂಡಿದ್ದ. ಮಗುವಿಗೆ ಯಾಕೆ ಇದೆಲ್ಲ ಎಂದು ದೊಡ್ಡವರು ಆ ದಿನ ಅವಳನ್ನು ಪಕ್ಕದ ಮನೆಯಲ್ಲಿ ಇರಿಸಿದ್ದರು. ಮನೆಯಲ್ಲಿದ್ದ ಒಂದೇ ಫೋಟೋದಲ್ಲಿ ಅಪ್ಪ ಅಲುಗಾಡಿ, ಮುಖ ಮಸುಕಾಗಿತ್ತು. ಮರೆತುಹೋಗುತ್ತದೆಂಬ ಹೆದರಿಕೆ ಅಣ್ಣನಿಗೆ ಹಗಲಿರುಳೂ ಇತ್ತು. ಬಾಯಿ ತೆರೆದಾಗ ಬಂದದ್ದು ಆ ಮುಖವೇ. ಆಮೇಲೆ ಪ್ರತಿ ಭಾನುವಾರ ಅದನ್ನೇ ಹೇಳಿದ. ಅಜ್ಜ ನಕ್ಕರೆ ಅಪ್ಪನ ನಗು ಹೇಳಿದ, ಯೋಚಿಸಿದರೆ ಅಪ್ಪ ಯೋಚಿಸುತ್ತಿದ್ದ ರೀತಿ ಹೇಳಿದ. ಒಂದು ಸಲ ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಒರೆಸುತ್ತಿದ್ದ ತಟ್ಟೆ ಅವಳ ಕೈಯಲ್ಲಿ ನಿಂತೇ ಇತ್ತು. ಅದನ್ನು ಹಿಡಿದುಕೊಂಡೇ ಒಳಗೆ ಹೋದಳು. ಈಗ ಅಮ್ಮನೂ ಇಲ್ಲ. ಗೊತ್ತಿದ್ದವನು ಅಣ್ಣನೊಬ್ಬನೇ.

ಹಾಲ್‌ನ ಹೊರಗೆ ಸಾಲು ಬೀದಿಯ ತಿರುವಿನವರೆಗೂ ಬೆಳೆದಿತ್ತು. ನಡುವಯಸ್ಸಿನವರೇ ಹೆಚ್ಚು. ಕೋಟು ಹಾಕಿದವರು, ಸಿಮೆಂಟು ಮೆತ್ತಿದ ಕೈಯವರು, ಎಲ್ಲರ ಮುಖದಲ್ಲೂ ಶಾಲೆಗೆ ತಡವಾಗಿ ಬಂದ ಮಕ್ಕಳ ಪೆಚ್ಚು. ಹಿಂದೆ ನಿಂತಿದ್ದ ದಪ್ಪನೆಯ ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತ, “ನಮ್ಮೆಜಮಾನ್ರು ಹೋದಾಗ್ಲೂ ನಾನು ಇಷ್ಟು ಅತ್ತಿರ್ಲಿಲ್ಲಮ್ಮ,” ಎಂದಳು.

“ಅವರು ಕತೆ ಹೇಳ್ತಿರ್ಲಿಲ್ವೇನೋ,” ಎಂದಳು ತಂಗಿ.

“ಹೇಳ್ತಿದ್ರು, ಹೇಳ್ತಿದ್ರು. ಎಲ್ಲಾ ಸುಳ್ಳು.”

ತಂಗಿ ನಕ್ಕಳು. ಅಣ್ಣ ನಗಲಿಲ್ಲ. ಸಾಲು ಮುಂದೆ ಸರಿದಷ್ಟೂ ಅವನ ಹೆಜ್ಜೆ ಹಿಂದೆ ಬೀಳುತ್ತಿತ್ತು. ಮುಟ್ಟಲು ಯಾರೂ ಬಿಡಬಾರದು ಎಂದು ಮನಸ್ಸಿನಲ್ಲೇ ದೇವರಿಗೆ ಕೈಮುಗಿದ. ಮರುಕ್ಷಣವೇ ಇಂಥದ್ದನ್ನೂ ಬೇಡಿದೆನಲ್ಲ ಎಂದು ನಾಚಿದ.

ಒಳಗೆ, ವೇದಿಕೆಯ ಹತ್ತಿರ, ಕಾವಲಿನವನು ತಡೆದ. “ಮುಟ್ಟೋ ಹಾಗಿಲ್ಲಮ್ಮ. ನೋಡ್ಕೊಂಡು ಮುಂದೆ ಹೋಗಿ.”

“ನೋಡೋದು ಹೇಗೆ ಅಂತ ನೀವೇ ಹೇಳ್ಕೊಡಿ ಹಾಗಾದ್ರೆ,” ಎಂದಳು ತಂಗಿ.

ತಲೆಯ ಬಳಿ ಕುಳಿತಿದ್ದ ಅಜ್ಜನ ಮಗಳು ತಲೆಯೆತ್ತಿದಳು. “ಬಿಡಿ ಅವರನ್ನ. ಬನ್ನಿ ಅಕ್ಕ,” ಎಂದು ತಾನೇ ಕೈಹಿಡಿದು ಹತ್ತಿರ ಕರೆದಳು.

ತಂಗಿಯ ಬೆರಳುಗಳು ಮೊದಲು ಹಣೆಗೆ ತಾಗಿದವು. ನೇರ ಎಡಹುಬ್ಬಿಗೆ ಹೋದವು. ಅಲ್ಲಿ ಏನೂ ಇರಲಿಲ್ಲ. ಬಲಹುಬ್ಬಿಗೆ ಬಂದವು. ಮೇಲ್ದುಟಿಯನ್ನು ಹುಡುಕಿ, ಗಲ್ಲಕ್ಕಿಳಿದು, ಅಲ್ಲಿ ಸುತ್ತಿ ಸುತ್ತಿ, ನಿಂತವು. ಕುರ್ಚಿಯಲ್ಲಿ ಒಂದೆಳೆ ತಪ್ಪಿದರೂ ಹಿಡಿಯುವ ಬೆರಳುಗಳವು. ಅವಳು ಕೈ ಹಿಂದೆಗೆದು, ಅಜ್ಜನ ಮಗಳಿಗೆ ನಮಸ್ಕರಿಸಿ, ಹೊರಬಂದಳು.

ಹೊರಗೆ ಸಿಮೆಂಟು ಬೆಂಚೊಂದು ಸಿಕ್ಕಿತು. ಕೂತರು. ಸಾಲಿನ ಚಪ್ಪಲಿಗಳು ಉಜ್ಜುವ ಸದ್ದು ಕೇಳುತ್ತಿತ್ತು.

“ಯಾರದ್ದು?” ಎಂದಳು ತಂಗಿ.

ಅಣ್ಣ ನೆಲ ನೋಡುತ್ತ ಹೇಳಿದ: “ಅಪ್ಪಂದು.”

ಅವಳ ಕೈ ಗಾಳಿಯಲ್ಲೇ ತುಸು ಮೇಲೆದ್ದು, ಯಾವುದೋ ಹುಬ್ಬನ್ನು ಸವರಿದಂತೆ ಮಾಡಿ, ಮಡಿಲಿಗೆ ಬಿತ್ತು.

“ಮೀಸೆ?”

“ಅದೂ.”

“ನಗುವಾಗ ಒಂದು ಕಣ್ಣು ಚಿಕ್ಕದಾಗೋದು?”

“ಎಲ್ಲಾ ಅವನದೇ ಪುಟ್ಟಿ. ಒಂದೂ ಸುಳ್ಳು ಹೇಳಿಲ್ಲ. ಹೆಸರೊಂದು ಬಿಟ್ಟು.”

“ಹೆಸರೊಂದು ಬಿಟ್ಟು!” ಅವಳ ದನಿ ಏರಿತು. “ನಾನು ಅಪ್ಪನ ಮುಖ ಗೊತ್ತಿಲ್ಲ ಅಂತ ಎಷ್ಟು ಸಲ ಅತ್ತಿದ್ದೀನಿ, ನಿನ್ನೆದುರಿಗೇ. ಆಗಾದ್ರೂ ಹೇಳಬಾರದಿತ್ತಾ? ಗೊತ್ತಿದ್ದ ಮುಖವನ್ನೇ ಇಟ್ಕೊಂಡು ಅದಕ್ಕಾಗಿ ಅತ್ತೆನಲ್ಲ, ಪೆದ್ದಿ ಹಾಗೆ. ನೀನು ನನಗೆ ಅಪ್ಪನ್ನ ಕೊಟ್ಟೆಯೋ, ನನ್ನಿಂದ ಬಚ್ಚಿಟ್ಟೆಯೋ, ಅದೇ ತಿಳೀತಿಲ್ಲ.”

“ಹೇಳಿದ್ರೆ ನೀನು ಅಜ್ಜನ್ನ ಕಳ್ಕೋತಿದ್ದೆ,” ಎಂದ ಅಣ್ಣ. ಅಷ್ಟು ಹೇಳುವಷ್ಟರಲ್ಲಿ ಅವನ ಕಣ್ಣು ತುಂಬಿತ್ತು. “ಮತ್ತೆ ಭಾನುವಾರ ಬಂದ್ರೆ ಅಪ್ಪನ ಮುಖ ಹೇಳ್ಕೊಳ್ಳೋಕೆ ನನಗೂ ಒಂದು ನೆಪ ಇರ್ತಿರ್ಲಿಲ್ಲ.”

ತಂಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎಷ್ಟೋ ವರ್ಷದ ಹಿಂದೆ, ಪಕ್ಕದ ಮನೆಯಲ್ಲಿ ಆಟದ ಡಬ್ಬಿ ಕೊಟ್ಟು ಕೂರಿಸಿದ್ದ ಕೂಸಿಗೆ ಅಳಲು ಸಿಗದಿದ್ದ ಸಾವು ಅದು. ಅಣ್ಣ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತ. ಹೋಗುವವರು ಅಜ್ಜನಿಗಾಗಿಯೇ ಅಳುತ್ತಿದ್ದಾಳೆಂದು ತಿಳಿದು, ಪಾಪ ಎನ್ನುತ್ತ ದಾಟಿಹೋದರು.

ಅಳು ಇಳಿದ ಮೇಲೆ ಅವಳು ಎದ್ದು ನಿಂತಳು. “ಸಾಲು ಎಲ್ಲಿ ಶುರುವಾಗತ್ತೆ?”

“ಮನೆಗೆ ಹೋಗೋಣ ಪುಟ್ಟಿ. ಬಿಸಿಲಿದೆ.”

“ಅತ್ತಿದ್ದೆಲ್ಲ ಅಪ್ಪನಿಗೆ ಹೋಯ್ತಲ್ಲ ಅಣ್ಣಾ. ಒಳಗೆ ಮಲಗಿದ್ದಾರಲ್ಲ, ಅವರಿಗೆ ಏನು ಕೊಟ್ಟೆ ನಾನು? ಮನೆ ತಪ್ಪಿ ಬಂದವಳ ಹಾಗೆ ಕದ ತಟ್ಟಿ, ಇವರಲ್ಲ ಅಂತ ವಾಪಸ್ ಬಂದೆ. ಪಾಪ, ಆ ಮನುಷ್ಯ ನನಗೆ ಏನು ಕಮ್ಮಿ ಮಾಡಿದ್ರು?”

ಮತ್ತೆ ಸಾಲಿನ ತುದಿಯಿಂದ ನಿಂತರು. ಕಾವಲಿನವನು ಗುರುತು ಹಿಡಿದ. “ನಿಮ್ದು ಆಯ್ತಲ್ಲಮ್ಮ ಆಗ್ಲೇ?”

“ಆಗ ಬೇರೆಯವರನ್ನ ಹುಡುಕ್ತಿದ್ದೆ ಕಣಪ್ಪಾ,” ಎಂದಳು. ಅವನಿಗೆ ಏನು ಅರ್ಥವಾಯಿತೋ, ದಾರಿ ಬಿಟ್ಟ.

ಈ ಸಲ ಅವಳು ಮುಖ ಮುಟ್ಟಲಿಲ್ಲ. ಹೊದಿಕೆಯ ಅಂಚನ್ನು ತಡವಿ, ಅಜ್ಜನ ಗಂಟಲ ಮೇಲೆ ಅಂಗೈಯನ್ನು ಹಗುರವಾಗಿ ಇಟ್ಟಳು. ತಣ್ಣಗಿತ್ತು.

“ಇಲ್ಲಿಂದ ಬರ್ತಿತ್ತು,” ಎಂದಳು.

“ಹೂಂ ಅಕ್ಕ,” ಎಂದಳು ಅಜ್ಜನ ಮಗಳು. ಬೆಳಗಿನಿಂದ ಬಿಗಿಹಿಡಿದಿದ್ದ ಅವಳ ತುಟಿ ಆಗ ನಡುಗಿತು.

ತಂಗಿ ತಲೆಬಾಗಿಸಿ ನಿಂತಳು. ಕಣ್ಣೀರು ಬಂತು. ಈ ಸಲ ಅದು ಯಾರ ಹೆಸರಿಗೆ ಎಂದು ಅವಳಿಗೆ ಗೊತ್ತಿತ್ತು. ಪಕ್ಕದಲ್ಲಿ ಅಣ್ಣ, ಅಷ್ಟು ಭಾನುವಾರ ಎದುರಿಗಿದ್ದರೂ ತಾನು ಒಮ್ಮೆಯೂ ನೆಟ್ಟಗೆ ನೋಡದಿದ್ದ ಆ ಬೋಳುತಲೆಯನ್ನೂ ತೆಳು ತುಟಿಯನ್ನೂ ಸಾವಕಾಶವಾಗಿ ನೋಡಿದ. ಹಿಂದಿನವರು ಯಾರೂ ತಳ್ಳಲಿಲ್ಲ.